ಯಾರ ಅತ್ತೆ?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದೆ. ಮೇಲಿನ ಬೆಣ್ಣೆ ಆಗಷ್ಟೇ ಕರಗಿ ಅಂಚಿನ ಕಡೆ ಹರಿಯುತ್ತಿತ್ತು. ಫೋನ್ ಹೊಡೆದುಕೊಂಡಿತು. ನೋಡಿದರೆ ‘ಅತ್ತೆ’. ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ, ಅಳಿಯನಿಗೆ ತಕ್ಕ ದನಿ ತಂದುಕೊಂಡು, ‘ನಮಸ್ಕಾರ ಅತ್ತೆ, ಚೆನ್ನಾಗಿದ್ದೀರಾ? ಮಂಡಿನೋವು ಹೇಗಿದೆ? ಕೋಲಾರದಲ್ಲಿ ಮಳೆ ಬಂತಾ?’ ಅಂದೆ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ.

‘ಯಾರೋ ನಿಂಗೆ ಅತ್ತೆ? ನಾನು ಕಣೋ, ನಿಮ್ಮಮ್ಮ. ಚಿಕ್ಕಬಳ್ಳಾಪುರದಿಂದ.’

ಎದುರಿಗೆ ಕೂತಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತಪ್ಪು ಅವಳದು, ನಗುವೂ ಅವಳದು.

ನಾವಿಬ್ಬರೂ ತುಮಕೂರಿನ ಮನೆ ಬಾಡಿಗೆಗೆ ಕೊಟ್ಟು, ಎರಡು ಬ್ಯಾಗು ಹಿಡಿದು ಊರೂರು ಸುತ್ತಲು ಶುರು ಮಾಡಿ ಒಂದೂವರೆ ವರ್ಷವಾಯಿತು. ‘ಮನೆ ನೆನಪಾಗಲ್ವಾ?’ ಅಂತ ಜನ ಕೇಳುತ್ತಾರೆ. ಬಾಡಿಗೆಯವರು ಮರೆಯಲು ಬಿಟ್ಟರೆ ತಾನೆ? ಸಂಪು ತುಂಬಿದರೂ ಫೋನು, ತುಂಬದಿದ್ದರೂ ಫೋನು. ಇರಲಿ. ತಿರುಗಾಟದಲ್ಲಿ ಆದ ತೊಂದರೆ ಏನೆಂದರೆ, ರೈಲಿನ ಟಿಕೆಟ್ ಅವಳ ಫೋನಿನಲ್ಲಿ, ಲಾಡ್ಜಿನವರ ನಂಬರ್ ನನ್ನ ಫೋನಿನಲ್ಲಿ, ನನ್ನ ಬಿ.ಪಿ. ನೋಡುವ ಡಾಕ್ಟರು ಅವಳ ಫೋನಿನಲ್ಲಿ. ಒಂದು ಫೋನಿನ ಬ್ಯಾಟರಿ ಸತ್ತರೆ ಸಂಸಾರದ ಅರ್ಧ ಕತ್ತಲೆ.

ಮಗ ರಜೆಗೆ ಬಂದಾಗ ಅರ್ಧ ಗಂಟೆ ಎರಡೂ ಫೋನು ಹಿಡಿದು ಕೂತ. ‘ತುಂಬಾ ಸಿಂಪಲ್ ಅಪ್ಪಾ. ನಿಮ್ಮಿಬ್ಬರಿಗೂ ಒಂದೇ ಅಕೌಂಟ್. ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್, ಕಾಂಟ್ಯಾಕ್ಟಿಗೆ ಕಾರ್ಡ್‌ಡ್ಯಾವ್. ಇಲ್ಲಿ ಬರೆದದ್ದು ಅಲ್ಲಿ, ಅಲ್ಲಿ ಅಳಿಸಿದ್ದು ಇಲ್ಲಿ.’ ಸಿಂಪಲ್ ಅನ್ನುವ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಸಿಂಪಲ್ ಅಂದವರು ಮಾರನೇ ದಿನ ಬಸ್ಸು ಹತ್ತಿ ಹೋಗುತ್ತಾರೆ. ಅದರ ಜೊತೆ ಬಾಳ್ವೆ ಮಾಡಬೇಕಾದವರು ನಾವು.

ಅವನು ಹೋದ ಮೇಲೆ ಅವಳ ಫೋನು ಕೇಳಿತಂತೆ: ಒಂದೇ ಹೆಸರಿನವರು ತುಂಬಾ ಜನ ಇದ್ದಾರೆ, ಸೇರಿಸಲೇ? ನನ್ನ ಹೆಂಡತಿ ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ವಾದ ಮಾಡುವವಳು. ಫೋನು ಏನೇ ಕೇಳಿದರೂ ಸರಿ ಅಂತ ಒತ್ತುತ್ತಾಳೆ. ಒತ್ತಿದಳು.

ಅವಳ ಫೋನಿನಲ್ಲಿ ‘ಅತ್ತೆ’ ಅಂದರೆ ನಮ್ಮಮ್ಮ. ನನ್ನ ಫೋನಿನಲ್ಲಿ ಅವಳ ಅಮ್ಮ. ನಲವತ್ತು ವರ್ಷದಲ್ಲಿ ಒಂದು ಮದುವೆ ಮನೆಯಲ್ಲೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡದ ಇಬ್ಬರು ಹೆಂಗಸರನ್ನು ಆ ಫೋನು ಒಬ್ಬರನ್ನಾಗಿ ಮಾಡಿತು. ‘ಅಣ್ಣ’ನ ಕಥೆಯೂ ಇದೇ. ಅವಳ ಅಣ್ಣ ನನಗೆ ಭಾವ, ನನ್ನ ಅಣ್ಣ ಅವಳಿಗೆ ಭಾವ. ಈಗ ‘ಅಣ್ಣ’ ಒಬ್ಬ, ‘ಭಾವ’ ಒಬ್ಬ, ಇಬ್ಬರಿಗೂ ಎರಡೆರಡು ನಂಬರು, ನಂಬರುಗಳು ಮಾತ್ರ ಅವೇ. ಅದೇ ಹೊತ್ತಿಗೆ ನಿಜವಾಗಿ ಒಬ್ಬಳೇ ಆದ ತಂಗಿ ಮಗಳು ಮೂರಾಗಿಯೇ ಉಳಿದಿದ್ದಾಳೆ: ನಂಬರಿನ ಮೊದಲಿಗೆ ಸೊನ್ನೆ ಹಾಕಿದವಳು, +91 ಹಾಕಿದವಳು, ಏನೂ ಹಾಕದವಳು. ಹೆಸರನ್ನು ನಾವು ಒಂದೊಂದು ಸಲ ಒಂದೊಂದು ಥರ ಬರೆದಿದ್ದೆವಂತೆ.

ಇನ್ನೊಂದು ಹೆಸರು ನನ್ನ ಫೋನಿನಲ್ಲಿ ಹೊಸದಾಗಿ ಕಂಡಿತು. ‘ಇವರು’. ಯಾರಪ್ಪಾ ಇವರು ಅಂತ ಒತ್ತಿದೆ. ಎಂಗೇಜ್ ಬಂತು. ಮತ್ತೆ ಒತ್ತಿದೆ, ಮತ್ತೆ ಎಂಗೇಜ್. ಯಾರೋ ತುಂಬಾ ಮಾತಾಡುವ ಮನುಷ್ಯ ಅಂದುಕೊಂಡೆ. ಆಮೇಲೆ ನಂಬರ್ ನೋಡಿದೆ. ನಾನೇ.

ಇಂಥ ಹೊತ್ತಿನಲ್ಲಿ ನಮ್ಮ ವಯಸ್ಸಿನವರು ಹಳೆಯ ಫೋನ್ ಪುಸ್ತಕವನ್ನು ಹೊಗಳಬೇಕು ಅಲ್ವಾ? ನಮ್ಮ ಮನೆಯಲ್ಲೂ ಇತ್ತು. ಲ್ಯಾಂಡ್‌ಲೈನಿನ ಸ್ಟೂಲಿಗೆ ದಾರದಲ್ಲಿ ಕಟ್ಟಿದ ಡೈರಿ. ಒಂದೇ ಪುಸ್ತಕ, ಇಬ್ಬರೂ ಬರೆಯುತ್ತಿದ್ದೆವು. ಹೊಗಳೋಣ ಅಂತಲೇ ಶುರು ಮಾಡಿದ್ದೆ, ಹಲಸು ನೆನಪಾಯಿತು.

ನಮ್ಮ ಕಡೆ ಹಲಸಿಗೆ ಗುಬ್ಬಿ ತಾಲ್ಲೂಕಿನ ಚೇಳೂರು. ಕಾಲ ಬಂದರೆ ಸಂತೆಯಲ್ಲಿ ಹಣ್ಣಿನ ಗುಡ್ಡೆ. ಅಲ್ಲಿ ನಮಗೊಬ್ಬರು ಖಾಯಂ ಇದ್ದರು, ಫೋನ್ ಮಾಡಿದರೆ ಕೆಂಪು ತೊಳೆಯ ಹಣ್ಣು ಆರಿಸಿ ಕಳಿಸುವವರು. ಅವರನ್ನು ನಾನು ‘ಹ’ ಪುಟದಲ್ಲಿ ಬರೆದಿದ್ದೆ, ಹಲಸು ಅಂತ. ನನ್ನ ಹೆಂಡತಿ ‘ಚ’ ಪುಟದಲ್ಲಿ, ಚೇಳೂರಿನವರು ಅಂತ. ಒಂದು ಬೆಳಿಗ್ಗೆ ನಾನು ‘ಹ’ ತೆಗೆದು ನಾಲ್ಕು ಹಣ್ಣು ಹೇಳಿ ಕೆಲಸಕ್ಕೆ ಹೋದೆ. ಮಧ್ಯಾಹ್ನ ಅವಳು ‘ಚ’ ತೆಗೆದು ನಾಲ್ಕು ಹೇಳಿದಳು. ಅವರು ಯಾಕೆ ಅಂತ ಕೇಳಲಿಲ್ಲ. ವ್ಯಾಪಾರಸ್ಥರು, ಯಾಕೆ ಕೇಳುತ್ತಾರೆ?

ಸಂಜೆ ಲಗೇಜ್ ಆಟೋದಲ್ಲಿ ಎಂಟು ಹಣ್ಣು ಇಳಿಯಿತು. ಒಂದೊಂದನ್ನೂ ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಬೇಕು. ಹಲಸು ಕಾಯುವ ಹಣ್ಣಲ್ಲ. ಎಂಟೂ ಎರಡು ದಿನದಲ್ಲಿ ಒಟ್ಟಿಗೆ ಹಣ್ಣಾಗಿ, ವಾಸನೆ ಬೀದಿಯ ತಿರುವಿನ ತನಕ ಹೋಯಿತು. ಈಳಿಗೆಮಣೆಗೆ ಎಣ್ಣೆ, ಕೈಗೆ ಎಣ್ಣೆ, ಕೆಳಗೆ ಹಳೇ ಪೇಪರು. ಆದರೂ ಮೇಣ ಫೋನಿಗೆ ಅಂಟಿತು, ಆ ಡೈರಿಗೂ ಅಂಟಿತು. ‘ಹ’ ಮತ್ತು ‘ಳ’ ಪುಟಗಳು ಒಂದಕ್ಕೊಂದು ಹತ್ತಿಕೊಂಡು ಆಮೇಲೆ ಎಂದೂ ಬಿಡಲಿಲ್ಲ. ಹಸಿದು ಹಲಸು, ಉಂಡು ಮಾವು ಅಂತ ಗಾದೆ. ನಾವು ಹಸಿದೂ ಹಲಸು, ಉಂಡೂ ಹಲಸು. ಹಲಸಿನ ದೋಸೆ, ಹಲಸಿನ ಪಾಯಸ, ಬೀಜದ ಹುಳಿ, ಸುಟ್ಟ ಬೀಜ. ಅಕ್ಕಪಕ್ಕದವರು ಮೊದಲ ದಿನ ಪಾತ್ರೆ ತೆಗೆದುಕೊಂಡು ಬಂದರು, ಎರಡನೇ ದಿನ ‘ಅಯ್ಯೋ, ಯಾಕ್ರೀ’ ಅಂದರು, ಮೂರನೇ ದಿನ ನನ್ನ ಹೆಂಡತಿ ತಟ್ಟೆ ಹಿಡಿದು ಗೇಟು ತೆಗೆದ ಸದ್ದಿಗೆ ಟೀವಿ ಆರಿಸಿ ಸುಮ್ಮನೆ ಕೂತರು. ನಮ್ಮ ಮೇಲೆ ಪ್ರೀತಿ ಉಳಿದದ್ದು ಹಸುಗಳಿಗೆ ಮಾತ್ರ. ಸಿಪ್ಪೆ ಮುಗಿದು ವಾರವಾದರೂ ಬೆಳಿಗ್ಗೆ ಬಾಗಿಲು ತೆಗೆದರೆ ಮೂರು ಹಸು, ಮಾತಿಲ್ಲದೆ, ನೆಂಟರ ಹಾಗೆ.

ಹಾಗಾಗಿ ಡೈರಿಯನ್ನು ಹೊಗಳುವುದಿಲ್ಲ.

ಕ್ಯಾಲೆಂಡರಾದರೂ ನೆಟ್ಟಗಿದೆಯೇ ಅಂದರೆ, ಅದು ನನ್ನ ಮಾನ ಕಳೆದದ್ದು ಕಠ್ಮಂಡುವಿನಲ್ಲಿ. ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಎಚ್‌ಎಂಟಿ ಗಡಿಯಾರಗಳ ಕಥೆ ಮುಗಿಸುವ ತೀರ್ಮಾನ 2016ರಲ್ಲಿ ಬಂದರೂ ನನ್ನ ಕೈಯಲ್ಲಿರುವ ‘ಜನತಾ’ಕ್ಕೆ ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ಹೊತ್ತಿನ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಿಲ್ಲ ಅನ್ನುವ ಕೊಬ್ಬು ಸ್ವಲ್ಪ ಇದೆ, ಒಪ್ಪುತ್ತೇನೆ. ಪೋಖರಾದ ಬಸ್ಸು ಬೆಳಿಗ್ಗೆ 7ಕ್ಕೆ ಅಂತ ತುಮಕೂರಿನಲ್ಲೇ ಕೂತು ಕ್ಯಾಲೆಂಡರಿಗೆ ಹಾಕಿದ್ದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಒಂದು ಗಂಟೆ, ಅರ್ಧ ಗಂಟೆ ಅಂದರೆ ಯಾರಿಗಾದರೂ ನೆನಪಿರುತ್ತದೆ, ಹದಿನೈದು ನಿಮಿಷ! ಗಡಿ ದಾಟಿದ ಫೋನು ನಾನು ಬರೆದ 7ನ್ನು ತಾನೇ 7.15 ಮಾಡಿಕೊಂಡಿತು. ಕೈಗಡಿಯಾರ ಇನ್ನೂ ತುಮಕೂರಿನಲ್ಲೇ ಇತ್ತು, 7 ಅನ್ನುತ್ತಿತ್ತು. ಎರಡೂ ತಾಳೆಯಾಯಿತು ಅಂತ ನಿಶ್ಚಿಂತೆಯಿಂದ ಹೋದೆವು. ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ‘ಗಡಿಯಾರದ ಫ್ಯಾಕ್ಟರಿಯವರು’ ಅಂತ ನನ್ನ ಹೆಂಡತಿ ಅಷ್ಟೇ ಹೇಳಿದ್ದು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಫೋನ್ ಮಾಡಿದ್ದು ಯಾಕೆ ಅಂತ ನಾನು ನಿಮಗೆ ಹೇಳಲೇ ಇಲ್ಲ. ಅಪ್ಪನ ತಿಥಿ ವಿಷಯಕ್ಕೆ. ಆಷಾಢ ಬಹುಳ ಪಂಚಮಿ. ಮಗ ಅದನ್ನು ಜುಲೈನ ಒಂದು ತಾರೀಕಿಗೆ ಹಾಕಿ ‘ಪ್ರತಿ ವರ್ಷ’ ಅಂತ ಒತ್ತಿ ಹೋಗಿದ್ದಾನೆ. ‘ಈ ಸಲ ಅಧಿಕ ಜ್ಯೇಷ್ಠ ಬಂದಿದೆ ಕಣೋ. ಹೋದ ವರ್ಷ ಜುಲೈನಲ್ಲಿ ಬಂದದ್ದು ಈ ಸಲ ಆಗಸ್ಟಿಗೆ ಹೋಗುತ್ತೆ. ನಿನ್ನ ಫೋನ್ ನೋಡಿಕೊಂಡು ಮೊದಲೇ ಬಂದು ಕೂರಬೇಡ’ ಅಂದರು. ಅವರ ಹತ್ತಿರ ಇರುವುದು ಗೋಡೆಯ ಮೊಳೆಗೆ ನೇತು ಹಾಕಿದ ಒಂದು ಪಂಚಾಂಗ, ಅದಕ್ಕೆ ಸಿಕ್ಕಿಸಿದ ಒಂದು ಪೆನ್ಸಿಲು. ಅದು ಯಾರ ಜೊತೆಗೂ ಸಿಂಕ್ ಆಗುವುದಿಲ್ಲ. ಅದನ್ನು ನೋಡಿ ಊರಿನವರೆಲ್ಲ ಸಿಂಕ್ ಆಗುತ್ತಾರೆ.

‘ಸರಿ ಅಮ್ಮ’ ಅಂತ ಇಟ್ಟೆ. ಇಡ್ಲಿ ಆರಿ, ಬೆಣ್ಣೆ ಗಟ್ಟಿಯಾಗಿತ್ತು. ಅಷ್ಟರಲ್ಲಿ ನನ್ನ ಫೋನೂ ಅವಳ ಫೋನೂ ಒಂದೇ ಸಲ ಟಿಣ್ ಅಂದವು. ‘ಹಲಸು – ಚೇಳೂರಿಗೆ ಫೋನ್ ಮಾಡಬೇಕು.’ ಪ್ರತಿ ವರ್ಷ, ಮೇ ತಿಂಗಳು.

‘ಈ ವರ್ಷ ಬೇಡ’ ಅಂದೆ. ‘ನಮಗೆ ಮನೆ ಎಲ್ಲಿದೆ?’

‘ಹೂಂ, ಬೇಡ’ ಅಂದಳು.

ಕೈ ತೊಳೆಯಲು ಹೋದವನು ಸುಮ್ನೆ ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. ಬಾಡಿಗೆಯವರಿಗೆ ಎರಡು ಹಣ್ಣು ಕೊಟ್ಟರೆ ಸಂಪಿನ ವಿಷಯ ಒಂದು ವಾರ ಮರೆಯಬಹುದು ಅನ್ನಿಸಿತ್ತು. ಅವಳು ಟೇಬಲ್ಲಿನ ಹತ್ತಿರವೇ ಇದ್ದಳು, ಬೆನ್ನು ಈ ಕಡೆ, ಫೋನು ಕಿವಿಗೆ. ಕೋಲಾರಕ್ಕೆ ಇರಬೇಕು ಅಂದುಕೊಂಡೆ.

ಮಾರನೇ ದಿನ ಬಾಡಿಗೆಯವರ ಫೋನು. ‘ಸಾರ್, ಯಾರೋ ಬಂದು ಎರಡು ಹಲಸಿನ ಹಣ್ಣು ಇಳಿಸಿದ್ದಾರೆ. ಆಟೋದಲ್ಲಿ ಇನ್ನೂ ಎರಡು ಇದೆ, ಅದೂ ನಿಮ್ಮದೇ ಅಂತಿದ್ದಾರೆ. ಇಳಿಸಿಕೊಳ್ಳಲಾ? ಮತ್ತೆ ಸಾರ್, ಸಂಪು…’