ಬಾಯಿ ಮುಚ್ಚಿದರೆ ಆ ಮಗು ಉಸಿರಾಡೋದು ಎಲ್ಲಿಂದ?

ನಿನ್ನೆ ನೆಂಟರ ಮನೆ ಗೃಹಪ್ರವೇಶ. ಎಲೆ ತುಂಬ ಬಡಿಸಿದ್ದರು, ಹೋಳಿಗೆಯೂ ಇತ್ತು. ನನಗೆ ಮಾತ್ರ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

ಎದುರಿನ ಸಾಲಿನಲ್ಲಿ ಆರು ವರ್ಷದ ಹುಡುಗ ಕೂತಿದ್ದ. ತುತ್ತು ಬಾಯಿಗಿಟ್ಟು ಎರಡು ಸಲ ಅಗಿಯುತ್ತಾನೆ, ನಿಲ್ಲಿಸಿ ಬಾಯಿ ಬಿಟ್ಟು ಉಸಿರು ಎಳೆದುಕೊಳ್ಳುತ್ತಾನೆ, ಮತ್ತೆ ಅಗಿಯುತ್ತಾನೆ. ತಿನ್ನೋದಕ್ಕೂ ಉಸಿರಾಡೋದಕ್ಕೂ ಪಾಪ ಅವನಿಗೆ ಅದೊಂದೇ ದಾರಿ. ಪಕ್ಕದಲ್ಲಿದ್ದ ಅಜ್ಜಿ, "ಬಾಯಿ ಮುಚ್ಕೊಂಡು ತಿನ್ನೋ, ನಾಲ್ಕು ಜನ ನೋಡ್ತಾರೆ" ಅಂದರು. ಮುಚ್ಚಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆಮೇಲೆ ತಡೆಯಲಾರದೆ ಬಾಯಿ ಬಿಟ್ಟ. ಫೋಟೊ ತೆಗೆಯೋಕೆ ಬಂದವನೂ "ಪುಟ್ಟಾ, ಬಾಯಿ ಮುಚ್ಚು" ಅಂದ. ಯಾರೋ ದೊಡ್ಡವರು "ಇವ್ನು ಸ್ವಲ್ಪ ಮಂಕು" ಅಂದರು, ಅದೂ ಆ ಹುಡುಗನ ಎದುರಿಗೇ.

ನನ್ನ ಮಗಳ ಕತೆ ಗೊತ್ತಿರುವವರಿಗೆ ನನಗೆ ಯಾಕೆ ಮೈ ಉರಿಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೂಗಿನ ದಾರಿ ಹಿಂದಕ್ಕೆ ಹೋಗಿ ಗಂಟಲಿಗೆ ಇಳಿಯುವ ಜಾಗದಲ್ಲಿ, ಕಿರುನಾಲಿಗೆಗಿಂತ ಮೇಲೆ, ಅಡಿನಾಯ್ಡ್ ಅನ್ನುವ ಮೆತ್ತನೆಯ ಮಾಂಸದ ಗಡ್ಡೆ ಇರುತ್ತದೆ. ಟಾನ್ಸಿಲ್‌ನ ಜಾತಿಯದೇ. ಆದರೆ ಟಾನ್ಸಿಲ್ ಬಾಯಿ ತೆರೆದರೆ ಕಾಣುತ್ತದೆ, ಇದು ಕಾಣುವುದಿಲ್ಲ. ಟಾರ್ಚ್ ಹಾಕಿ "ಆ ಅನ್ನು" ಅಂದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಬೇಕು, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಬೇಕು. ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಇದು ದೊಡ್ಡದಾಗಿರುತ್ತದೆ. ಪದೇ ಪದೇ ಶೀತ, ಅಲರ್ಜಿ ಆಗುವ ಮಗುವಾದರೆ ಊದಿಕೊಂಡು ಮೂಗಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಗ ಮಗು ಬಾಯಲ್ಲೇ ಉಸಿರಾಡಬೇಕು. ಅದಕ್ಕೆ "ಬಾಯಿ ಮುಚ್ಚೋ" ಅಂತ ಗದರುವುದು ಯಾವ ನ್ಯಾಯ?

ನನ್ನ ಮಗಳು ಕರೆದರೆ "ಅಬ್ಬ" ಅಂತ ಕೇಳುತ್ತಿತ್ತು. ಮೂಗು ಕಟ್ಟಿದ್ದರೆ ಮಕಾರ ಬಕಾರವಾಗುತ್ತದೆ, ನಕಾರ ದಕಾರವಾಗುತ್ತದೆ. ಅದು ಗೊತ್ತಿಲ್ಲದ ನಾವೆಲ್ಲ ಮುದ್ದು ಮಾತು ಅಂತ ನಕ್ಕೆವು. ರಾತ್ರಿ ಗೊರಕೆ ಹೊಡೆದರೆ "ಥೇಟ್ ಅವರ ತಾತನ ಹಾಗೆ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾಳೆ" ಅಂದರು ಅತ್ತೆ. ಅದು ಚೆನ್ನಾದ ನಿದ್ದೆ ಆಗಿರಲಿಲ್ಲ. ಗೊರಕೆ ನಡುವೆ ಉಸಿರು ನಿಂತು, ಮಗು ಬೆಚ್ಚಿದ ಹಾಗೆ ಹೊರಳಿ, ಮತ್ತೆ ಎಳೆದುಕೊಳ್ಳುತ್ತಿತ್ತು. ಬೆಳಗ್ಗೆ ಎಬ್ಬಿಸಿದರೆ ತಲೆನೋವು, ಅಳು.

ಇನ್ನೊಂದು ಇದೆ. ಇದನ್ನು ನಾನು ಇಲ್ಲಿವರೆಗೆ ಎಲ್ಲೂ ಬರೆದಿಲ್ಲ. ಒಂದು ಸಂಜೆ ಅಡುಗೆಮನೆಯಿಂದ ಅವಳನ್ನು ನಾಲ್ಕು ಸಲ ಕೂಗಿದೆ. ತಿರುಗಲೇ ಇಲ್ಲ. ಹೋಗಿ ಬೆನ್ನಿಗೆ ಹೊಡೆದೆ. ಎರಡು ತಿಂಗಳಾದ ಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಎರಡೂ ಕಿವಿಯ ತಮಟೆಯ ಹಿಂದೆ ಅಂಟು ನೀರು ತುಂಬಿದೆ ಅಂತ. ಕಿವಿಯಿಂದ ಗಂಟಲಿಗೆ ಇರುವ ಸಣ್ಣ ನಾಳದ ಬಾಯಿ ಅಡಿನಾಯ್ಡ್ ಪಕ್ಕದಲ್ಲೇ ಇದೆ, ಅದು ಕಟ್ಟಿಕೊಂಡಿತ್ತು. ನನ್ನ ಮಗಳು ಹಟ ಮಾಡಿರಲಿಲ್ಲ. ಅವಳಿಗೆ ನಾನು ಕೇಳಿಸಿರಲಿಲ್ಲ. ಆ ಏಟು ಈಗಲೂ ನನ್ನ ಕೈಯಲ್ಲಿದೆ.

ಕ್ಲಾಸಿನಲ್ಲಿ ಮಂಕಾಗಿ ಕೂತಿರುತ್ತಾಳೆ ಅಂತ ಟೀಚರ್ ಡೈರಿಯಲ್ಲಿ ಬರೆದಿದ್ದರು. ನಿದ್ದೆ ಇಲ್ಲದ, ಅರ್ಧ ಕಿವಿ ಕೇಳದ ಮಗು ಇನ್ನು ಹೇಗೆ ಕೂರಬೇಕು? ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೆಯರ್ ಅನ್ನುವ ವೈದ್ಯರು ಈ ಕಾಯಿಲೆಯನ್ನು 1868ರಲ್ಲೇ ವಿವರಿಸಿದ್ದಾರೆ. 1889ರಲ್ಲಿ ವಿಲಿಯಂ ಹಿಲ್ ಎಂಬ ಬ್ರಿಟಿಷ್ ವೈದ್ಯರು, ದಡ್ಡರೆನಿಸಿಕೊಂಡ ಎಷ್ಟೋ ಮಕ್ಕಳ ತೊಂದರೆ ಇರುವುದು ಮೂಗಿನ ಹಿಂದೆ ಅಂತ ಬರೆದರು. ಅಷ್ಟು ವರ್ಷ ಆದಮೇಲೂ ನಾವು ಇನ್ನೂ "ಮಂಕು" ಅಂತಲೇ ಕರೆಯುತ್ತಿದ್ದೇವೆ!

"ವಯಸ್ಸಾದ ಹಾಗೆ ತಾನೇ ಕರಗುತ್ತೆ ಬಿಡಿ" ಅಂತ ನಿನ್ನೆಯೂ ಒಬ್ಬರು ನನಗೆ ಹೇಳಿದರು. ನಿಜ. ಏಳೆಂಟು ವರ್ಷದ ಮೇಲೆ ಕುಗ್ಗುತ್ತಾ ಬರುತ್ತದೆ, ಹರೆಯಕ್ಕೆ ಬರುವಷ್ಟರಲ್ಲಿ ಹೆಚ್ಚಿನವರಲ್ಲಿ ಇರುವುದೇ ಇಲ್ಲ. ಅಲ್ಲಿವರೆಗೆ? ಮಾತು ಕಲಿಯುವ, ಅಕ್ಷರ ಕಲಿಯುವ ವರ್ಷಗಳು ಅವೇ ಅಲ್ಲವಾ? ವರ್ಷಗಟ್ಟಲೆ ಬಾಯಲ್ಲೇ ಉಸಿರಾಡಿದ ಮಗುವಿನ ಬಾಯಿಯ ಮೇಲಂಗಳ ಕಿರಿದಾಗಬಹುದು, ಹಲ್ಲು ಮುಂದಕ್ಕೆ ಬರಬಹುದು. ಅಡಿನಾಯ್ಡ್ ಕರಗಿತು ಅಂತ ಹಲ್ಲು ಹಿಂದಕ್ಕೆ ಹೋಗುವುದಿಲ್ಲ.

ಎಲ್ಲರೂ ಆಪರೇಷನ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ನನ್ನ ತಂಗಿ ಮಗನಿಗೆ ಡಾಕ್ಟರ್ ಬರೆದುಕೊಟ್ಟ ಮೂಗಿನ ಸ್ಟೀರಾಯ್ಡ್ ಸ್ಪ್ರೇಯನ್ನು ಮೂರು ತಿಂಗಳು ಹಾಕಿದ್ದರಲ್ಲೇ ಕಡಿಮೆಯಾಯಿತು. ನನ್ನ ಮಗಳಿಗೆ ಅದು ಸಾಲಲಿಲ್ಲ. ಪೂರ್ತಿ ಮತ್ತು ಬರಿಸಿ, ಬಾಯಿಯ ಮೂಲಕವೇ ತೆಗೆದರು, ಹೊರಗೆ ಒಂದು ಗೀರೂ ಇಲ್ಲ. ಕಿವಿಯ ನೀರನ್ನೂ ಆಗಲೇ ತೆಗೆದು ತಮಟೆಯಲ್ಲಿ ಗ್ರಾಮೆಟ್ ಅನ್ನುವ ಸಣ್ಣ ಕೊಳವೆ ಕೂರಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಆ ಮುಕ್ಕಾಲು ಗಂಟೆ ನನಗೆ ಯಾರೂ ಧೈರ್ಯ ಹೇಳಬೇಡಿ ಅನ್ನಿಸಿತ್ತು. ಆಮೇಲೆ ಒಂದು ವಾರ ಬಾಯಿ ವಾಸನೆ, ಗಂಜಿ, ಮೊಸರನ್ನ, ಸ್ಕೂಲಿಗೆ ರಜೆ.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಮಲಗಿದ್ದವಳು ಮೇಲೆ ನೋಡುತ್ತಾ "ಅಮ್ಮಾ, ನಮ್ಮನೆ ಫ್ಯಾನ್ ಸದ್ದು ಮಾಡುತ್ತಾ?" ಅಂದಳು. ಅಬ್ಬ ಅಲ್ಲ, ಅಮ್ಮ.

ನಿನ್ನೆ ಊಟ ಆದಮೇಲೆ ಆ ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದೆ. "ಬೈಬೇಡಿ ಅಂತ ನಿಮ್ಮತ್ತೆಗೂ ಹೇಳಮ್ಮ. ರಾತ್ರಿ ಅವನು ಮಲಗಿದ ಮೇಲೆ ಫೋನಲ್ಲಿ ವಿಡಿಯೊ ತೆಗಿ, ಇಎನ್‌ಟಿ ಡಾಕ್ಟರಿಗೆ ತೋರ್ಸು" ಅಂದೆ. ಇವತ್ತು ಬೆಳಗ್ಗೆ ವಿಡಿಯೊ ನನಗೂ ಬಂತು. ಮಗು ಕತ್ತು ಹಿಂದಕ್ಕೆ ಚಾಚಿ ಮಲಗಿದೆ. ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ಎದೆ ಒಳಕ್ಕೆ ಎಳೆದುಕೊಳ್ಳುತ್ತಿದೆ, ಉಸಿರಿನ ಸದ್ದಿಲ್ಲ. ಕತ್ತಲಲ್ಲಿ ಅದೇ ಅಜ್ಜಿಯ ದನಿ ಕೇಳುತ್ತದೆ: "ಏನಾಯ್ತೇ? ಯಾಕೇ ನಿಲ್ಲಿಸ್ಬಿಟ್ಟ ಮಗು?"