ಗ್ಲೂಕೋಸ್ ತಿಂದರೆ ಬುದ್ಧಿ ಡಬಲ್ ಆಗುತ್ತಾ?

ಪರೀಕ್ಷೆ ಹತ್ತಿರ ಬಂದರೆ ಸಾಕು, ದಾವಣಗೆರೆಯ ನಮ್ಮ ಓಣಿ ಗ್ರೂಪಿಗೆ ಈ ಮೆಸೇಜ್ ಹಾಜರ್: "ಮಿದುಳಿನ ಮೈಟೊಕಾಂಡ್ರಿಯಾ ಒಳಗೆ ಹೆಕ್ಸೊಕೈನೇಸ್ ಅನ್ನೋ ಕಿಣ್ವ ಇದೆ. ಎರಡು ಚಮಚ ಗ್ಲೂಕೋಸ್ ತಿಂದ್ರೆ ನೇರ ಅಲ್ಲಿಗೇ ಹೋಗಿ ಬುದ್ಧಿ ಡಬಲ್ ಆಗುತ್ತೆ."

ಹೆಸರು ಸರಿ, ವಿಳಾಸ ತಪ್ಪು.

ಮಿದುಳಿನ ಕೋಶಗಳಲ್ಲಿ ಈ ಕಿಣ್ವ ಬಹುಪಾಲು, ಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಘಟಕವಾದ ಮೈಟೊಕಾಂಡ್ರಿಯಾದ ಹೊರಗೋಡೆಗೆ ಅಂಟಿಕೊಂಡಿರುತ್ತದೆ. ಹೋಟೆಲ್ ಗೋಡೆಗೆ ಒತ್ತಿ ನಿಲ್ಲಿಸಿದ ಮಂಡಕ್ಕಿ-ಮಿರ್ಚಿ ಗಾಡಿ ಇರುತ್ತದಲ್ವಾ, ಹಾಗೆ. ಗೋಡೆಯ ಕಿಂಡಿಯಿಂದ ಬರುವ ಎಟಿಪಿ, ಅಂದರೆ ಕೋಶದ ಶಕ್ತಿ ಹೊರುವ ಅಣು, ಕಿಣ್ವದ ಕೈಗೇ ಸಿಗುತ್ತದೆ. ಅದರಿಂದ ಒಂದು ಫಾಸ್ಫೇಟ್ ಕಿತ್ತು ಗ್ಲೂಕೋಸ್‌ಗೆ ಜೋಡಿಸುತ್ತದೆ. ಗ್ಲೂಕೋಸ್ ಮಾತ್ರ ಒಳಗೆ ಹೋಗುವುದೇ ಇಲ್ಲ. ಹೊರಗೇ ಹಂತಹಂತವಾಗಿ ಒಡೆದು ಪೈರುವೇಟ್ ಆಗುತ್ತದೆ, ಒಳಗೆ ಹೋಗುವುದು ಅದು.

ಇನ್ನು ಡಬಲ್ ಬುದ್ಧಿಯ ಕಥೆ. ತಾನು ತಯಾರಿಸಿದ ಮಾಲು ರಾಶಿ ಬಿದ್ದರೆ ಈ ಕಿಣ್ವ ತಾನೇ ಕೆಲಸ ನಿಧಾನ ಮಾಡುತ್ತದೆ. ಸಕ್ಕರೆ ಜಾಸ್ತಿ ಸುರಿದರೆ ಓಟ ಜಾಸ್ತಿಯಾಗುವುದಿಲ್ಲ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ಸುಮ್ನೆ ಕೂತಾಗಲೂ ಶೇ. 20ರಷ್ಟು ಶಕ್ತಿ ಬಳಸುತ್ತದೆ, ಅದು ನಿಜ. ಆದರೆ ಅದಕ್ಕೆ ಬೇಕಾದ ಗ್ಲೂಕೋಸ್ ಮಾಮೂಲಿ ಊಟ ತಿಂಡಿಯಿಂದಲೇ ಸಿಗುತ್ತದೆ. ಬೆಣ್ಣೆ ದೋಸೆಯೋ ಉಪ್ಪಿಟ್ಟೋ, ನಿಮ್ಮಿಷ್ಟ.