ಲೆನ್ಸ್ ಎದುರಿಗಿದೆ, ದಾಖಲೆಯಲ್ಲಿಲ್ಲ

ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಬ್ಬರ ಮೇಲೊಬ್ಬರು ಅಣುಬಾಂಬು ಗುರಿಯಿಟ್ಟು ಕೂತಿದ್ದ ಕಾಲ. ಆಗ ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯ ಲೆನ್ಸನ್ನು ಜಪಾನಿನ ಪೆಂಟ್ಯಾಕ್ಸ್ ಕ್ಯಾಮೆರಾಗೆ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ಕೂತುಬಿಡುತ್ತಿತ್ತು. ವೀಸಾ ಕೇಳುವವರಿಲ್ಲ, ನಡುವೆ ಹಾಕುವ ಅಡಾಪ್ಟರ್ ಎಂಬ ಬಳೆಯ ಅಗತ್ಯವೂ ಇಲ್ಲ. 42 ಮಿ.ಮೀ. ಅಗಲದ ಒಂದು ಸಾದಾ ತಿರುಪು, ಅಷ್ಟೇ. ಅದನ್ನು 1949ರಲ್ಲಿ ಬಳಕೆಗೆ ತಂದವರು ಪೂರ್ವ ಜರ್ಮನಿಯವರು. ಆಮೇಲೆ ರಷ್ಯಾದ ಜೆನಿಟ್, ಜಪಾನಿನ ಪೆಂಟ್ಯಾಕ್ಸ್, ಯಾಶಿಕಾ, ಫ್ಯೂಜಿಕಾ ಎಲ್ಲರೂ ಅದನ್ನೇ ಹಿಡಿದರು. ಜಗತ್ತಿನ ನಾಯಕರೆಲ್ಲ ಸಮ್ಮೇಳನ ಮಾಡಿ ಮಾಡಿ ಸುಸ್ತಾಗುತ್ತಿದ್ದಾಗ ಅಲಿಪ್ತ ನೀತಿಯನ್ನು ಸದ್ದಿಲ್ಲದೆ ಪಾಲಿಸಿದ್ದು ಈ ತಿರುಪು.

ಈಗ ಬಾಂಬಿನ ಭಯ ಅಷ್ಟಿಲ್ಲ, ವ್ಯಾಪಾರ ಮುಕ್ತ, ಜಗತ್ತೇ ಒಂದು ಹಳ್ಳಿ ಎನ್ನುತ್ತಾರೆ. ಆ ಹಳ್ಳಿಯಲ್ಲಿ ಕ್ಯಾನನ್ ಕಂಪನಿ 2012ರಲ್ಲಿ ಇಎಫ್-ಎಂ ಎಂಬ ಮಿರರ್‌ಲೆಸ್ ಮೌಂಟ್ ತಂದಿತು; ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗ. 2018ರಲ್ಲಿ ಅದೇ ಕಂಪನಿ ಆರ್‌ಎಫ್ ಎಂಬ ಇನ್ನೊಂದು ಮಿರರ್‌ಲೆಸ್ ಮೌಂಟ್ ತಂದಿತು. ಇದರ ಲೆನ್ಸ್ ಅದಕ್ಕೆ ಕೂರುವುದಿಲ್ಲ, ಅದರ ಲೆನ್ಸ್ ಇದಕ್ಕೆ ಕೂರುವುದಿಲ್ಲ, ನಡುವೆ ಅಡಾಪ್ಟರ್ ಹಾಕೋಣವೆಂದರೆ ಅದನ್ನೂ ಕಂಪನಿ ಮಾಡಲಿಲ್ಲ. ಕನ್ನಡಿಯಿದ್ದ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸ್ ಮಾತ್ರ ಅಡಾಪ್ಟರ್ ಹಾಕಿದರೆ ಎರಡಕ್ಕೂ ಕೂರುತ್ತದೆ. ಅಂದರೆ ಕ್ರೆಮ್ಲಿನ್‌ನಿಂದ ಟೋಕಿಯೋಗೆ ದಾರಿಯಿತ್ತು, ಒಂದೇ ಕಂಪನಿಯ ಈ ಮೇಜಿನಿಂದ ಆ ಮೇಜಿಗೆ ದಾರಿಯಿಲ್ಲ.

ಕಾರಣ ಕೇಳಿದರೆ ಗಣಿತ ಹೇಳುತ್ತಾರೆ. ಗಣಿತ ಸುಳ್ಳೇನಲ್ಲ. ಲೆನ್ಸ್ ಕೂರುವ ಲೋಹದ ತುಟಿಯಿಂದ ಒಳಗಿನ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಒಂದು ನಿಗದಿಯಾದ ದೂರವಿರುತ್ತದೆ. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44, ಲೈಕಾ ಎಂನಲ್ಲಿ 27.8. ಒಳಗಿದ್ದ ಕನ್ನಡಿ ಹೋದ ಮೇಲೆ ದೂರ ಕುಗ್ಗಿತು: ಮೈಕ್ರೋ ಫೋರ್ ಥರ್ಡ್ಸ್ 19.25, ಸೋನಿ ಇ 18, ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16. ಎಲ್ಲರೂ ಒಟ್ಟಿಗೆ ಕೂತು ಹದಿನೆಂಟು ಎಂದು ಒಪ್ಪಿಕೊಂಡಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಒಬ್ಬರಿಗೆ ಹದಿನೇಳು ಬಿಂದು ಏಳೇ ಬೇಕು. ಆ ಬಿಂದು ಏಳರಲ್ಲಿ ಯಾವ ಬೆಳಕಿನ ರಹಸ್ಯ ಅಡಗಿದೆಯೋ, ಅದನ್ನು ಇಟ್ಟವರೇ ಬಲ್ಲರು.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಕ್ಯಾನನ್ ಆರ್‌ಎಫ್‌ನ ದೂರ ಸರಿಯಾಗಿ 20 ಮಿ.ಮೀ. ಲೈಕಾ, ಪ್ಯಾನಸಾನಿಕ್, ಸಿಗ್ಮಾ ಸೇರಿ ಕಟ್ಟಿಕೊಂಡ ಕೂಟದ ಎಲ್ ಮೌಂಟ್ ಕೂಡ ಸರಿಯಾಗಿ 20. ಅಬ್ಬಾ, ಕೊನೆಗೂ ಇಬ್ಬರು ಒಂದೇ ಅಳತೆಗೆ ಬಂದರಲ್ಲ ಎಂದು ಸಂಭ್ರಮಿಸಬೇಡಿ. ಅಳತೆ ಒಂದೇ ಆದದ್ದರಿಂದಲೇ ನಡುವೆ ಬಳೆ ತೂರಿಸಲು ಒಂದು ಕೂದಲಿನಷ್ಟೂ ಜಾಗವಿಲ್ಲ! ಬೇರೆ ಬೇರೆಯಾಗಿದ್ದರೆ ಯಾರಾದರೂ ಜೋಡಿಸುತ್ತಿದ್ದರು. ಒಂದೇ ಆದ್ದರಿಂದ ಜೋಡಿಸಲು ಬಾರದು. ಇಂಥ ಐಕಮತ್ಯ ನಮ್ಮ ವಿಧಾನಸಭೆಯಲ್ಲೂ ಅಪರೂಪ.

ಇರಲಿ, ಅಡಾಪ್ಟರಿಗೆ ಬರೋಣ. ನಿಕಾನ್ ಎಫ್ ಲೆನ್ಸನ್ನು ಝಡ್ ಕ್ಯಾಮೆರಾಗೆ ಹಾಕಲು 46.5ರಲ್ಲಿ 16 ಕಳೆಯಿರಿ: 30.5 ಮಿ.ಮೀ. ಉದ್ದದ ಕೊಳವೆ. ಕೊಳವೆಯೊಳಗೆ ಏನಿದೆ? ಏನೂ ಇಲ್ಲ. ಗಾಜಿಲ್ಲ, ಮಂತ್ರವಿಲ್ಲ, ಬರೀ ಗಾಳಿ. ಮೂರು ಸೆಂಟಿಮೀಟರ್ ಗಾಳಿಗೆ ದುಡ್ಡು ಕೊಟ್ಟು, ಬಿಲ್ ಪಡೆದು, ಗಾಳಿಗೆ ಧೂಳು ಹೋಗದಿರಲೆಂದು ಎರಡೂ ಕಡೆ ಮುಚ್ಚಳ ಹಾಕಿ ಕಪಾಟಿನಲ್ಲಿಡುತ್ತೇವೆ.

ಅಗ್ಗದ ಗಾಳಿಯೂ ಸಿಗುತ್ತದೆ. ಅದರ ಅಳತೆ ಸ್ವಲ್ಪ ಆಚೀಚೆ. ಕೊಳವೆ ಒಂದು ಎಳೆ ಉದ್ದವಾದರೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗುವುದಿಲ್ಲ, ಗಿರಾಕಿ ಬೈಯುತ್ತಾನೆ. ಹಾಗಾಗಿ ತಯಾರಕರು ಜಾಣತನದಿಂದ ಕೊಳವೆಯನ್ನು ಒಂದು ಎಳೆ ಗಿಡ್ಡ ಮಾಡುತ್ತಾರೆ. ಆಗ ಬೆಟ್ಟ ಲೆನ್ಸಿನ ಮೇಲಿನ ಹತ್ತು ಮೀಟರ್ ಗುರುತಿನ ಹತ್ತಿರವೇ ಸ್ಪಷ್ಟವಾಗುತ್ತದೆ. ಅದರಾಚೆಗೂ ರಿಂಗ್ ತಿರುಗುತ್ತದೆ, ಅನಂತದ ಗುರುತಿನವರೆಗೆ. ಚಾಮುಂಡಿ ಬೆಟ್ಟ ಹತ್ತು ಮೀಟರಿನಲ್ಲಿ ಮುಗಿದುಹೋದ ಮೇಲೆ ಉಳಿದ ಆ ತಿರುವಿನಲ್ಲಿ ಲೆನ್ಸ್ ಅನಂತದಾಚೆಗೆ ಏನನ್ನು ನೋಡುತ್ತದೆ? ನಮ್ಮ ಆಚಾರ್ಯರು ಮೂರು ಮತ ಕಟ್ಟಿ ಸಾವಿರ ವರ್ಷ ವಾದಿಸಿದ ವಿಷಯವನ್ನು ಒಂದು ಅಲ್ಯೂಮಿನಿಯಂ ಬಳೆ ಬಗೆಹರಿಸಿಬಿಟ್ಟಿದೆ.

ಸರಿ, ಹಳೆಯ ಮ್ಯಾನ್ಯುಯಲ್ ಲೆನ್ಸು, ಗಾಳಿ ಕೊಳವೆ, ಹೊಸ ಕ್ಯಾಮೆರಾ ಮೂರೂ ಕೂಡಿದವು. ಪರದೆಯಲ್ಲಿ ಚಿತ್ರ ಕಾಣುತ್ತಿದೆ. ಗುಂಡಿ ಒತ್ತುತ್ತೀರಿ. ಕ್ಲಿಕ್ಕಾಗುವುದಿಲ್ಲ. ಏಕೆಂದರೆ ಕ್ಯಾಮೆರಾ ಹೇಳುತ್ತಿದೆ: ಲೆನ್ಸ್ ಇಲ್ಲ.

ಪಿಂಚಣಿ ಕಚೇರಿಯ ಕಿಟಕಿಯೆದುರು ಅಜ್ಜ ಖುದ್ದು ನಿಂತು ‘ನಾನು ಬದುಕಿದ್ದೇನೆ ಸ್ವಾಮಿ’ ಎಂದರೆ ‘ಜೀವಂತ ಪ್ರಮಾಣಪತ್ರ ಎಲ್ಲಿ?’ ಎಂದು ಕೇಳುತ್ತಾರಲ್ಲ, ಇದು ಅದೇ ಇಲಾಖೆ. ಲೆನ್ಸ್ ಎದುರಿಗಿದೆ, ಅದರ ಮೂಲಕವೇ ಕ್ಯಾಮೆರಾ ಜಗತ್ತನ್ನು ನೋಡುತ್ತಿದೆ. ಆದರೆ ಮೌಂಟಿನ ಚಿನ್ನದ ಲೇಪದ ಚುಕ್ಕೆಗಳ ಮೂಲಕ ಯಾವ ಅರ್ಜಿಯೂ ಬಂದಿಲ್ಲ. ಅರ್ಜಿ ಬಾರದ ಲೆನ್ಸ್ ಲೆನ್ಸಲ್ಲ. ಆಗ ಮೆನುವಿನ ಯಾವುದೋ ಏಳನೇ ಪುಟಕ್ಕೆ ಹೋಗಿ ‘ಲೆನ್ಸ್ ಇಲ್ಲದೆಯೂ ಶಟರ್ ಬಿಡು’ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ಅಂದರೆ ಸುಳ್ಳು ಹೇಳಿಕೆಗೆ ನಾವೇ ಸಹಿ ಹಾಕಬೇಕು. ಚಿತ್ರದ ಜೊತೆ ಉಳಿಯುವ ದಾಖಲೆಯಲ್ಲಿ ಲೆನ್ಸಿನ ಹೆಸರು ಖಾಲಿ, ಫೋಕಲ್ ಲೆಂಗ್ತ್ ಸೊನ್ನೆ. ತಮಾಷೆ ಇಲ್ಲಿಗೆ ಮುಗಿಯದು. ಕೈ ನಡುಕ ತಡೆಯುವ ವ್ಯವಸ್ಥೆ ಆನ್ ಮಾಡಹೋದರೆ ಅದೇ ಕ್ಯಾಮೆರಾ ಕೇಳುತ್ತದೆ: ಲೆನ್ಸ್ ಎಷ್ಟು ಮಿಲಿಮೀಟರಿನದು, ದಯವಿಟ್ಟು ತುಂಬಿಸಿ. ಯಾವ ಲೆನ್ಸ್? ಈಗ ತಾನೇ ಇಲ್ಲವೆಂದೆಯಲ್ಲ ಮಾರಾಯ!

ಚುಕ್ಕೆಗಳಲ್ಲಿ ನಡೆಯುವ ಈ ಮಾತುಕತೆಯೇ ನಿಜವಾದ ಕೋಟೆಗೋಡೆ. ಪ್ರತಿ ಕಂಪನಿಗೂ ತನ್ನದೇ ಗುಪ್ತ ಭಾಷೆ. 2022ರಲ್ಲಿ ವಿಲ್ಟ್ರಾಕ್ಸ್ ಎಂಬ ಚೀನೀ ಕಂಪನಿ ಕ್ಯಾನನ್ ಆರ್‌ಎಫ್‌ಗೆ ಮಾಡಿದ್ದ ಆಟೋಫೋಕಸ್ ಲೆನ್ಸುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು. ಪೇಟೆಂಟ್ ಮತ್ತು ವಿನ್ಯಾಸದ ಹಕ್ಕು ನಮ್ಮದು, ಮಾರಾಟ ನಿಲ್ಲಿಸಿ ಎಂದು ಕ್ಯಾನನ್ ಹೇಳಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಬಾಗಿಲು ತೆರೆಯಿತು, ಅದೂ ಮೊದಲಿಗೆ ಸಣ್ಣ ಸೆನ್ಸರಿನ ಲೆನ್ಸುಗಳಿಗೆ ಮಾತ್ರ. ಅತ್ತ ಸೋನಿ ಇ ಲೆನ್ಸನ್ನು ನಿಕಾನ್ ಝಡ್‌ಗೆ ಜೋಡಿಸಿ ಆಟೋಫೋಕಸ್ ಕೂಡ ಮಾಡಿಸುವ ಬಳೆಯನ್ನು ಮೂರನೆಯವರು ಯಾರೋ ಮಾಡಿಬಿಟ್ಟಿದ್ದಾರೆ. ಅದಕ್ಕೆ ಸಿಕ್ಕ ಜಾಗ ಎರಡೇ ಮಿಲಿಮೀಟರ್. ಆ ಎರಡು ಮಿಲಿಮೀಟರಿನಲ್ಲೇ ಚಿಪ್ಪು, ಕೊಂಡಿ, ದುಭಾಷಿ ಎಲ್ಲ. ದೊಡ್ಡ ಕಂಪನಿಗಳು ಅಸಾಧ್ಯ ಎನ್ನುವುದು ಒಂದು ಬಿಸ್ಕತ್ತಿನಷ್ಟೂ ದಪ್ಪವಿರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಮೌಂಟ್ ಬದಲಿಸಿದವರೆಲ್ಲ ಖಳನಾಯಕರಲ್ಲ. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ತಂದಾಗ ಹಳೆಯ ಗಿರಾಕಿಗಳು ಶಾಪ ಹಾಕಿದರು, ಆದರೆ 54 ಮಿ.ಮೀ. ಅಗಲದ ಬಾಯಿ, ಲೆನ್ಸಿನೊಳಗೇ ಮೋಟಾರು ಎಂಬ ಆ ತೀರ್ಮಾನ ಸರಿಯಾಗಿತ್ತೆಂದೇ ನನ್ನ ಲೆಕ್ಕ. ನಿಷ್ಠೆಯೇ ವ್ರತವೆಂದುಕೊಂಡ ನಿಕಾನ್ 1959ರ ಎಫ್ ಮೌಂಟನ್ನು ದಶಕಗಟ್ಟಲೆ ಬಿಡಲೇ ಇಲ್ಲ. ಫಲವಾಗಿ ಎಐ, ಎಐ-ಎಸ್, ಎಎಫ್, ಡಿ, ಜಿ, ಇ ಎಂಬ ಉಪಪಂಗಡಗಳು ಹುಟ್ಟಿ, ಎಲ್ಲವೂ ಕೂರುತ್ತವೆ ಆದರೆ ಎಲ್ಲವೂ ಕೆಲಸ ಮಾಡುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಒಳಗೆ ಮೋಟಾರಿಲ್ಲದ ಡಿ ಲೆನ್ಸನ್ನು ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಹೊಸ ಕ್ಯಾಮೆರಾಗೆ ಹಾಕಿ, ಫೋಕಸ್ ಕೈಯಲ್ಲೇ ಮಾಡಬೇಕು. ಇನ್ನು ನಿಕಾನ್ ಲೆನ್ಸ್ ಹಾಕಲು ತಿರುಗಿಸುವ ದಿಕ್ಕಿಗೆ ಕ್ಯಾನನ್ ಲೆನ್ಸ್ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಯಾವ ಗಣಿತವೂ ಇಲ್ಲ.

ಫಾರ್ಮ್ಯಾಟಿನ, ಅಂದರೆ ಫಿಲ್ಮ್ ಅಥವಾ ಸೆನ್ಸರಿನ ಅಳತೆಯ, ಕಥೆ ಬೇರೆಯೇ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಾಗ ಸಿನಿಮಾ ಫಿಲ್ಮನ್ನೇ ಅಡ್ಡಲಾಗಿ ಓಡಿಸಿ 24×36 ಮಿ.ಮೀ. ಚೌಕಟ್ಟು ಪಡೆದಿತ್ತು. ಗಾಜಿನ ಪ್ಲೇಟು, ದೊಡ್ಡ ಫಿಲ್ಮು ಹಿಡಿದವರು ಇದನ್ನು ಮಿನಿಯೇಚರ್ ಎಂದು ಕರೆದರು. ಅದೇ ಮಿನಿಯೇಚರ್ ಈಗ ಫುಲ್ ಫ್ರೇಮ್. ಅದಕ್ಕಿಂತ ಚಿಕ್ಕದು ಇಟ್ಟುಕೊಂಡವನು ಅರ್ಧ ಮನುಷ್ಯ, ಅವನ ಲೆನ್ಸಿಗೆ ಗುಣಾಕಾರ ಕಡ್ಡಾಯ. ಕಬಿನಿ ಸಫಾರಿ ಜೀಪಿನಲ್ಲಿ ಇಂಥ ಮಾತು ಕೇಳಿಬರುತ್ತದೆ:

‘ನಿಮ್ದು ಎಷ್ಟು ಸಾರ್?’

‘ನಾನೂರು. ಆದ್ರೆ ಎಂಟುನೂರು.’

‘ಹಂಗಂದ್ರೆ?’

‘ಮೈಕ್ರೋ ಫೋರ್ ಥರ್ಡ್ಸ್ ಅಲ್ವಾ, ಎರಡರಿಂದ ಗುಣಿಸ್ಬೇಕು. ನಿಮ್ದು?’

‘ನಂದೂ ನಾನೂರೇ ಸಾರ್. ಒಂದೂವರೆಯಿಂದ ಗುಣಿಸಿದ್ರೆ ಆರುನೂರು.’

‘ಹಂಗಾದ್ರೆ ಅಪರ್ಚರ್‌ನೂ ಗುಣಿಸ್ಬೇಕು ನೀವು.’

‘ಅದನ್ಯಾಕ್ ಸಾರ್ ಗುಣಿಸ್ಬೇಕು? ಬೆಳಕು ಅಷ್ಟೇ ಬರುತ್ತಲ್ಲ!’

ಇಬ್ಬರ ಕೈಯಲ್ಲೂ ಇರುವುದು ನಾನೂರು ಮಿ.ಮೀ. ಲೆನ್ಸೇ. ಹಿಂದೆ ಎಷ್ಟು ದೊಡ್ಡ ಸೆನ್ಸರ್ ಇದೆ ಎಂಬುದು ಲೆನ್ಸಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದು ಬಿಡಿಸಿದ ಚಿತ್ರದ ಅಂಚನ್ನು ಸೆನ್ಸರ್ ಕತ್ತರಿಸುತ್ತದೆ ಅಷ್ಟೇ. ಅಪರ್ಚರ್ ವಾದ ಮುಗಿಯುವ ಹೊತ್ತಿಗೆ ಹುಲಿ ರಸ್ತೆ ದಾಟಿ ಲಂಟಾನ ಪೊದೆಯೊಳಗೆ ಹೋಗಿರುತ್ತದೆ. ಮೂರನೆಯ ಸೀಟಿನ ಅಜ್ಜಿಯ ಮೊಬೈಲಿನಲ್ಲಿ ಅದರ ಬಾಲ ಸಿಕ್ಕಿರುತ್ತದೆ.

ಎಲ್ಲಕ್ಕಿಂತ ನನಗೆ ಖುಷಿ ಕೊಡುವುದು ಹೀಲಿಯೋಸ್ ಪಂಥ. ಹೀಲಿಯೋಸ್ 44 ಎಂಬುದು 58 ಮಿ.ಮೀ.ಯ ಸೋವಿಯತ್ ಲೆನ್ಸ್. ಜರ್ಮನಿಯ ಝೈಸ್ ಬಯೋಟಾರ್‌ನ ನಕ್ಷೆ ಆಧರಿಸಿ ಮಾಡಿದ್ದು, ಜೆನಿಟ್ ಕ್ಯಾಮೆರಾ ಜೊತೆ ರಾಶಿಗಟ್ಟಲೆ ಬಂದದ್ದು. ಅಪರ್ಚರ್ ಪೂರ್ತಿ ತೆರೆದರೆ ಹಿಂದಿನ ಎಲೆಗಳೆಲ್ಲ ಸುಳಿಯಾಗಿ ಸುತ್ತುತ್ತವೆ. ಅದು ದೋಷ. ಆ ದೋಷವನ್ನು ತಿದ್ದಲು ಮೂರು ತಲೆಮಾರಿನ ಇಂಜಿನಿಯರುಗಳು ಕಣ್ಣು ಸವೆಸಿ, ವಿಶೇಷ ಗಾಜು ಕರಗಿಸಿ, ಅಂಚಿನವರೆಗೂ ಚೂಪಾದ ಲೆನ್ಸುಗಳನ್ನು ಕೊನೆಗೂ ಮಾಡಿಕೊಟ್ಟರು. ನಾವು ಅವನ್ನು ಸಾಲ ಮಾಡಿ ಕೊಂಡೆವು. ಕೊಂಡು, ಬಿಚ್ಚಿಟ್ಟು, ಆ ಜಾಗಕ್ಕೆ ಗಾಳಿ ಕೊಳವೆ ತೂರಿಸಿ ಹೀಲಿಯೋಸ್ ಹಾಕಿ, ಪ್ರಿ-ವೆಡ್ಡಿಂಗ್ ಶೂಟಿನಲ್ಲಿ ಮದುಮಗಳ ಹಿಂದೆ ಸುಳಿ ಬರಿಸುತ್ತಿದ್ದೇವೆ. ಮದುವೆಗೆ ಮೊದಲೇ ಸುಳಿ ತೋರಿಸುವುದು ಒಂದು ಲೆಕ್ಕದಲ್ಲಿ ಪ್ರಾಮಾಣಿಕತೆಯೇ.

ಈ ಪಂಥದಲ್ಲಿ ದೋಷಕ್ಕೆ ಕ್ಯಾರೆಕ್ಟರ್ ಎನ್ನುತ್ತಾರೆ. ಪೆಂಟ್ಯಾಕ್ಸ್ ಕಂಪನಿಯ ಹಳೆಯ ಕೆಲವು ಟಾಕುಮಾರ್ ಲೆನ್ಸುಗಳ ಗಾಜಿನಲ್ಲಿ ವಿಕಿರಣ ಸೂಸುವ ಥೋರಿಯಂ ಇದ್ದು, ವರ್ಷ ಕಳೆದಂತೆ ಗಾಜು ಹಳದಿಯಾಗುತ್ತದೆ. ಅದು ವಾರ್ಮ್ ಕ್ಯಾರೆಕ್ಟರ್. ಬಿಸಿಲಿಗೆ ಒಣಹಾಕಿದರೆ ಹಳದಿ ಇಳಿಯುತ್ತದೆ, ಜೊತೆಗೆ ಕ್ಯಾರೆಕ್ಟರೂ ಹೋಗುತ್ತದೆ. ಕರಾವಳಿಯ ಮಳೆಗಾಲ ಕಂಡ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿದ್ದರೆ ಅದು ಡ್ರೀಮಿ ಕ್ಯಾರೆಕ್ಟರ್, ಒಂದು ಸಾವಿರ ಜಾಸ್ತಿ. ಮನುಷ್ಯರಲ್ಲಿ ಯಾರಾದರೂ ಹಳದಿಯಾಗಿ, ಬೂಷ್ಟು ಹಿಡಿದು, ಅಂಚಿನಲ್ಲಿ ಮಂಕಾಗಿದ್ದರೆ ಇಷ್ಟು ಗೌರವ ಸಿಗುವುದು ರಾಜಕೀಯದಲ್ಲಿ ಮಾತ್ರ.

ಸರ್ಕಾರಗಳು ಮನಸ್ಸು ಮಾಡಿದರೆ ಆಗದ್ದೇನಿಲ್ಲ. 2024ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದಲ್ಲಿ ಮೊಬೈಲು, ಡಿಜಿಟಲ್ ಕ್ಯಾಮೆರಾಗಳಿಗೆಲ್ಲ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯವಾಗಿದೆ. ಕರೆಂಟು ಹೋಗುವ ತೂತು ಎಲ್ಲರಿಗೂ ಒಂದೇ ಎಂದು ಶಾಸನವಾಯಿತು; ಬೆಳಕು ಹೋಗುವ ತೂತಿನ ವಿಷಯ ಯಾರೂ ಎತ್ತಿಲ್ಲ. ಎತ್ತಿದರೆ ಒಂದು ಸಮಿತಿ ಕೂರುತ್ತದೆ, ಅದರ ವರದಿ 17.7 ಪುಟ ಇರುತ್ತದೆ.

ಅಷ್ಟರವರೆಗೆ ಹಳೆಯ ಲೆನ್ಸಿನ ಭಕ್ತರು ಅಡಾಪ್ಟರ್ ಬಳೆಗಳ ರೈಲು ಕಟ್ಟುತ್ತಿರುತ್ತಾರೆ. ಜುಪಿಟರ್-8 ಎಂಬ ಲೆನ್ಸ್ ತೆಗೆದುಕೊಳ್ಳಿ: ಜರ್ಮನ್ ಸೊನಾರ್‌ನ ನಕ್ಷೆ, ರಷ್ಯಾದ ಕಾರ್ಖಾನೆ, ಲೈಕಾದ 39 ಮಿ.ಮೀ. ತಿರುಪು. ಇದನ್ನು ನಿಕಾನ್ ಝಡ್‌ಗೆ ಹಾಕಲು ನೇರ ಬಳೆ ಸಿಗುತ್ತದೆ, ಆದರೆ ಭಕ್ತನ ಬಳಿ ಆಗಲೇ ಬೇರೆ ಬೇರೆ ಬಳೆಗಳಿವೆ. ತಿರುಪಿನಿಂದ ಲೈಕಾ ಎಂಗೆ 1 ಮಿ.ಮೀ., ಅಲ್ಲಿಂದ ಸೋನಿ ಇಗೆ 9.8, ಅಲ್ಲಿಂದ ನಿಕಾನಿಗೆ 2. ಒಟ್ಟು 12.8, ಲೆಕ್ಕ ಪೈಸೆಗೆ ಪೈಸೆ ಸರಿ. ಒಂದೊಂದು ಬಳೆಯೂ ಒಂದಿಷ್ಟು ಸಡಿಲ, ಹಾಗಾಗಿ ಫೋಕಸ್ ತಿರುಗಿಸಿದರೆ ಮೊದಲು ಬಳೆಗಳು ಅಲುಗಿ, ಆಮೇಲೆ ಲೆನ್ಸ್ ತಿರುಗುತ್ತದೆ. ಜೋಡಿಸುವ ಮುಂಚೆ ಬಿಚ್ಚಿದ ಮುಚ್ಚಳಗಳಿಂದ ಪ್ಯಾಂಟಿನ ಎರಡೂ ಜೇಬು ಉಬ್ಬಿರುತ್ತವೆ. ಒಂದು ಮೌಂಟಿನ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಮುಚ್ಚಳಕ್ಕೂ ಅಡಾಪ್ಟರ್ ಬೇಕೆಂದು ಇನ್ನೂ ಯಾರೂ ಕೇಳಿದಂತಿಲ್ಲ. ಕೇಳಿದರೆ ಮುಂದಿನ ವಾರವೇ ಬರುತ್ತದೆ, ಎರಡೂ ಕಡೆ ಮುಚ್ಚಳ ಸಮೇತ.